ಉಪ್ಪು ಮುಟ್ಟದ ಸೋದರಮಾವ

ಧಾರವಾಡದ ಮಾಳಮಡ್ಡಿಯ ಯಜ್ಞೇಶ್ವರಪಂತರು ಹುಬ್ಬಳ್ಳಿಗೆ ಹೋಗಿದ್ದು ಒಂದೇ ಒಂದು ಧೋತರ ಕೊಳ್ಳಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಅವರನ್ನು ದುಂದುಗಾರರೆಂದು ತಿಳಿಯುವ ಸಂಭವವಿದೆ. ಅವರು ಕಲೆಕ್ಟರ ಕಚೇರಿಯಲ್ಲಿ ನಾಲ್ವತ್ತೈದು ರೂಪಾಯಿ ಪಗಾರದ ಕಾರಕೂನರು. ಕಚೇರಿಯಲ್ಲಿ ಅವರನ್ನು ಮೇಲಿನವರು ಕರೆಯುವುದು ಗಂಟೆ ಬಾರಿಸಿ. ಮನೆಯಲ್ಲಿ ಹೆಂಡತಿ ಲಕ್ಷ್ಮೀಬಾಯಿ ಕರೆಯುವುದು ‘ಕೇಳಿದ್ರೇನು’ ಎಂದು. ಹೆಸರು ಹಿಡಿದು, ಅದರ ಹಿಂದೆ ಮುಂದೆ ಒಂದಿಷ್ಟು ಮರ್ಯಾದೆ ಸೇರಿಸಿ ಕರೆದವರು ಅವರ ಜೀವಮಾನದಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ದುರ್ಗದಬೈಲಿನ ಮುರುಗೆಪ್ಪ ತನ್ನ ಅರಿವೆ ಅಂಗಡಿಯ ಗಾದಿಯಿಂದ ಅರ್ಧ ಎದ್ದು, ಎರಡೂ ಕೈ ಜೋಡಿಸಿ, “ಬರ್ರಿ ಬರ್ರಿ, ರಾವಸಾಹೇಬ್ರ!” ಎಂದುಬಿಟ್ಟ.

ರಾವಸಾಹೇಬ ಎಂಬುದು ಸರಕಾರ ಕೊಡುವ ಪದವಿ. ಅದಕ್ಕಾಗಿ ದೊಡ್ಡ ದೊಡ್ಡವರು ಸಾಹೇಬರ ಬಂಗಲೆಯ ಮುಂದೆ ವರ್ಷಗಟ್ಟಲೆ ಮಾವಿನಹಣ್ಣಿನ ಬುಟ್ಟಿ ಹೊತ್ತು ಅಡ್ಡಾಡುತ್ತಿದ್ದರು. ಅದು ಇಲ್ಲಿ, ಒಂದು ಧೋತರದ ಗಿರಾಕಿಗೆ, ಪುಕ್ಕಟೆ! ಯಜ್ಞೇಶ್ವರಪಂತರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

ರಾವಸಾಹೇಬನಾದವನು ಒಂದೇ ಧೋತರ ಕೇಳುವುದು ಹೇಗೆ? ತಲೆಗೆ ಸುತ್ತುವ ಜರಿ ರುಮಾಲು ನೋಡಿದರು. ಅದಕ್ಕೆ ಒಪ್ಪುವ ಕೋಟಿನ ಬಟ್ಟೆ ನೋಡಿದರು. ಹೆಂಡತಿಗೊಂದು, ಮಗಳು ಸುಹಾಸಿನಿಗೊಂದು ರೇಶಿಮೆ ಸೀರೆ ತೆಗೆಸಿದರು. “ರೊಕ್ಕಾ ಇವತ್ತು ತಂದಿಲ್ಲ,” ಎಂದು ಅವರು ತೊದಲಿದಾಗ ಮುರುಗೆಪ್ಪ ಕಿವಿ ಮುಚ್ಚಿಕೊಂಡ. “ನಿಮ್ಮಂಥಾವ್ರು ರೊಕ್ಕದ ಮಾತು ಆಡಬಾರ್ದ್ರಿ. ಪಾಪ ಹತ್ತತೈತಿ, ನನಗ!”

ಒಟ್ಟು ತೊಂಬತ್ತೆರಡು ರೂಪಾಯಿ ಉದ್ರಿಯ ಗಂಟು ಹೊತ್ತು ಅವರು ಸಂಜೆಯ ಗಾಡಿಗೆ ಮನೆಗೆ ಬಂದರು. ಗಂಟು ಬಿಚ್ಚಿದ ಲಕ್ಷ್ಮೀಬಾಯಿ ಎಲ್ಲವನ್ನೂ ಒಂದೊಂದಾಗಿ ಮಂಚದ ಮೇಲೆ ಇಟ್ಟು, ಕೊನೆಗೆ ಖಾಲಿ ಗಂಟನ್ನು ಒಮ್ಮೆ ಕೊಡವಿ ಕೇಳಿದರು: “ಧೋತರ ಎಲ್ಲೆ?”

ಧೋತರ ಮರೆತುಹೋಗಿತ್ತು.

ದೀಪಾವಳಿ ಕಳೆಯಿತು. ಸಂಕ್ರಮಣದ ಎಳ್ಳು ಬೀರಿಯಾಯಿತು. ರೊಕ್ಕದ ಮಾತು ಆಡಿದರೆ ಪಾಪ ಹತ್ತುತ್ತದೆಂದು ಅಂಜಿದ್ದ ಮುರುಗೆಪ್ಪ ಆ ಪಾಪವನ್ನು ಹೊರಲು ಫಕೀರಪ್ಪ ಎಂಬ ಗಟ್ಟಿ ಆಳನ್ನು ಧಾರವಾಡಕ್ಕೆ ಕಳಿಸಿದ. ಹುಬ್ಬಳ್ಳಿಯ ಬಾಕಿದಾರರನ್ನು ಅವನು ತಾನೇ ಖುದ್ದಾಗಿ ನೋಡಿಕೊಳ್ಳುತ್ತಿದ್ದ. ಧಾರವಾಡ ಮಾತ್ರ ಆಳಿನ ಪಾಲಿಗೆ. ಆದರೆ ಫಕೀರಪ್ಪ ಅಂಗಳಕ್ಕೆ ಕಾಲಿಟ್ಟ ಕೂಡಲೇ ಒಳಗಿನಿಂದ ಲಕ್ಷ್ಮೀಬಾಯಿಯ ದನಿ ಬರುತ್ತಿತ್ತು: “ಅಲ್ಲೇ ನಿಲ್ಲಪಾ! ಮಡೀಲೆ ಇದ್ದೇವಿ. ಅವರು ಪೂಜಾಕ್ಕ ಕೂತಾರ.” ಅವನು ಬಿಸಿಲಿನಲ್ಲಿ ನಿಂತಷ್ಟು ಹೊತ್ತು ಒಳಗೆ ಪೂಜೆ ಬೆಳೆಯುತ್ತಿತ್ತು. ಅದುವರೆಗೆ ಸಂಧ್ಯಾವಂದನೆಯನ್ನೂ ಅರ್ಧಕ್ಕೆ ಬಿಟ್ಟು ಕಚೇರಿಗೆ ಓಡುತ್ತಿದ್ದ ಯಜ್ಞೇಶ್ವರಪಂತರಿಗೆ ವಿಷ್ಣು ಸಹಸ್ರನಾಮ ಬಾಯಿಪಾಠವಾದದ್ದು ಫಕೀರಪ್ಪನ ದೆಸೆಯಿಂದ. ಓಣಿಯಲ್ಲಿ ಅವರಿಗೆ ದೈವಭಕ್ತರೆಂಬ ಹೆಸರೂ ಬಂತು.

ಮುರುಗೆಪ್ಪ ವಿಚಾರಮಾಡಿದ. ಮಡಿಯ ಗೋಡೆಯನ್ನು ದಾಟಬೇಕಾದರೆ ಮಡಿಯವನೇ ಬೇಕು. ಹಾಗೆ ಬಂದವರು ದತ್ತೋಪಂತರು.

ಹಿಂದೆ ಯಾವುದೋ ಮಠದ ಉಗ್ರಾಣ ನೋಡಿಕೊಂಡಿದ್ದ ಮನುಷ್ಯ. ಉದ್ದಕ್ಕೆ, ಒಣಗಿದ ಕಟ್ಟಿಗೆಯಂತೆ ಇದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಕಂಕುಳಲ್ಲಿ ಒಂದು ಕೊಡೆ. ಮೊದಲ ರವಿವಾರವೇ ಅವರು ಅಂಗಳ ದಾಟಿ, ಕಾಲು ತೊಳೆದು, ಪಡಸಾಲೆಗೆ ಬಂದು, ಪೂಜೆಗೆ ಕೂತ ಯಜ್ಞೇಶ್ವರಪಂತರ ಪಕ್ಕದಲ್ಲಿಯೇ ಕೂತು, ಅವರು ಸಹಸ್ರನಾಮದಲ್ಲಿ ಹಾರಿಸಿದ ಹೆಸರುಗಳನ್ನು ಒಂದೊಂದಾಗಿ ತುಂಬಿಕೊಟ್ಟರು. ಪೂಜೆ ಮುಗಿದ ಮೇಲೆ, “ಯಾವಾಗ ಕೊಡ್ತೀರಿ?” ಎಂದರು. “ಬರೋ ತಿಂಗಳ ಒಂದನೇ ತಾರೀಖಿಗೆ,” ಎಂದರು ಯಜ್ಞೇಶ್ವರಪಂತರು. “ಯಾವ ತಿಂಗಳ?” ಎಂದರು ದತ್ತೋಪಂತರು. ಅಷ್ಟೇ. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಸಂಜೆಯವರೆಗೆ ಕೂತರು.

ಮೌನಗಳಲ್ಲಿ ಹಲವು ಬಗೆ. ತೃಪ್ತನ ಮೌನ ಬೇರೆ, ಸಿಟ್ಟಿನವನ ಮೌನ ಬೇರೆ, ಏನೂ ತೋಚದವನದು ಇನ್ನೂ ಬೇರೆ. ದತ್ತೋಪಂತರದು ಈ ಯಾವುದೂ ಅಲ್ಲ. ಅದು ಕಟ್ಟೆಯ ಮೇಲೆ ಹುಟ್ಟಿ, ಹೊಸ್ತಿಲು ದಾಟಿ, ನಡುಮನೆಯಲ್ಲಿ ಉಣ್ಣುವ ಎಲೆಯ ಮುಂದೆ ಬಂದು ಕೂಡುವಂಥ ಮೌನ. ಯಜ್ಞೇಶ್ವರಪಂತರಿಗೆ ಸಾರು ಸುರಿಯುವ ಸದ್ದು ಕೂಡ ನಾಚಿಕೆಯೆನಿಸುತ್ತಿತ್ತು.

ಲಕ್ಷ್ಮೀಬಾಯಿ ಅವರನ್ನು ಒಲಿಸಲು ಮಜ್ಜಿಗೆ ತಂದಿಟ್ಟರು. ದತ್ತೋಪಂತರು ಕೈಯಿಂದ ಸರಿಸಿದರು.

“ಬಾಕಿ ಇದ್ದ ಮನ್ಯಾಗ ನಾ ಉಪ್ಪು ಮುಟ್ಟೂದಿಲ್ರಿ, ಬಾಯಾರ. ಉಪ್ಪು ಹೊಟ್ಟ್ಯಾಗ ಹೋತಂದ್ರ ಕೇಳೂ ಮಾತು ಹೊರಗ ಬರೂದಿಲ್ಲ.”

“ಹಂಗಾದ್ರ ಉಪ್ಪು ಹಾಕದ ತರ್ತೀನಿ.”

“ಇವತ್ತ ಉಪ್ಪಿಲ್ಲದ್ದು ಕುಡದ್ರ ನಾಳಿಗೆ ಉಪ್ಪಿಂದೂ ರುಚಿ ಹತ್ತತದ. ಬ್ಯಾಡ್ರಿ.”

ಹಾಗೆ ರವಿವಾರದ ಮೇಲೆ ರವಿವಾರ ಬಂದು ಅವರು ಕೂತು ಹೋದರು. ಎದುರು ಮನೆಯ ತಾರಾಬಾಯಿಗೆ ಮಾತ್ರ ಇದೆಲ್ಲ ಗೊತ್ತಿರಲಿಲ್ಲ. ದತ್ತೋಪಂತರು ಅಂಗಡಿಯ ಪದ್ಧತಿ ಬಿಡದೆ ಬಾಗಿಲಲ್ಲಿ ನಿಂತು “ರಾವಸಾಹೇಬ್ರು ಅದಾರೇನ್ರಿ?” ಎಂದು ಕೂಗುವುದಷ್ಟೇ ಆಕೆಗೆ ಕೇಳಿಸಿತ್ತು. ಆಕೆ ಅದನ್ನು ಓಣಿಗೆಲ್ಲ ಹಂಚಿದಳು. “ಯಜ್ಞೇಶ್ವರಗ ಪದವಿ ಬಂದದಂತ! ಕಚೇರಿಯಿಂದ ಒಬ್ಬ ಮನುಷ್ಯಾನ್ನ ಕಟ್ಟೀ ಮ್ಯಾಲ ಕಾಯ್ಲಿಕ್ಕೆ ಇಟ್ಟಾರ ನೋಡ್ರಿ.”

ಆ ಸುದ್ದಿ ಹುಬ್ಬಳ್ಳಿಯವರೆಗೂ ಮುಟ್ಟಿತು. ಮುಟ್ಟಬಾರದ ಮನೆಗೇ ಮುಟ್ಟಿತು.

ಹುಬ್ಬಳ್ಳಿಯ ಪಂಢರಿನಾಥಪಂತರ ಮಗ ಸಾಲೆಯ ಮಾಸ್ತರ. ಹುಡುಗ ಒಳ್ಳೆಯವನು, ಜಾತಕ ಕೂಡಿತ್ತು. ಚೈತ್ರದ ಒಂದು ರವಿವಾರ ಸುಹಾಸಿನಿಯನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದರು. ಲಕ್ಷ್ಮೀಬಾಯಿಗೆ ಆ ಹುಡುಗ ಎಷ್ಟು ಮನಸ್ಸಿಗೆ ಬಂದಿದ್ದನೆಂದರೆ ಆಕೆ ಉಡಿಯಕ್ಕಿಯನ್ನು ಎರಡು ದಿನ ಮೊದಲೇ ಆರಿಸಿಟ್ಟಿದ್ದರು. ಸುಹಾಸಿನಿ ಏನೂ ಹೇಳಿರಲಿಲ್ಲ. ಆದರೆ ಆ ವಾರವಿಡೀ ಅವಳು ರಂಗೋಲಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು.

ಒಂದೇ ಕೊರತೆ. ಮಾತುಕತೆಗೆ ಹುಡುಗಿಯ ಸೋದರಮಾವ ಇರಬೇಕು. ಲಕ್ಷ್ಮೀಬಾಯಿಯ ಅಣ್ಣ ಬಾಗಲಕೋಟೆಯಿಂದ ಬೆಳಗಿನ ಗಾಡಿಗೆ ಬರುವವನಿದ್ದ. ಬರಲಿಲ್ಲ. ಗದಗಿನಲ್ಲಿ ಗಾಡಿ ಬದಲಿಸುವಾಗ ನಿದ್ದೆಗಣ್ಣಿನಲ್ಲಿ ಎದುರಿನ ಗಾಡಿ ಹತ್ತಿ ಗುಂತಕಲ್ಲಿಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ಅವನು ಬರಬೇಕಾದ ಗಾಡಿಗೆ ದತ್ತೋಪಂತರು ಬಂದರು.

ಯಜ್ಞೇಶ್ವರಪಂತರು ಅಂಗಳಕ್ಕೆ ಓಡಿದರು. “ದತ್ತೋಪಂತ್ರ, ಇವತ್ತೊಂದು ದಿನ ಬಿಡ್ರಿ! ಹುಡುಗೀ ನೋಡ್ಲಿಕ್ಕೆ ಬರ್ಲಿಕ್ಕತ್ತಾರ. ಬಾಕಿಯವರು ಕಟ್ಟೀ ಮ್ಯಾಲ ಕೂತಾರ ಅಂದ್ರ ಟಾಂಗಾ ಇಳೀದನ ತಿರಿಗಿ ಹೋಗ್ತಾರ.”

“ಮುರುಗೆಪ್ಪನ ಹುಕುಂ ಆಗೇದ್ರಿ. ಇವತ್ತು ರೊಕ್ಕಾ ಇಲ್ಲಾ ಪಕ್ಕಾ ವಾಯಿದಾ, ಎರಡರಾಗ ಒಂದು ತಗೊಂಡ ಬಾ ಅಂದಾನ.”

“ಬರೋ ತಿಂಗಳ ಒಂದನೇ...”

ದತ್ತೋಪಂತರು ಅವರನ್ನು ಸುಮ್ಮನೆ ನೋಡಿದರು. ಯಜ್ಞೇಶ್ವರಪಂತರು ವಾಕ್ಯವನ್ನು ಅಲ್ಲಿಯೇ ಬಿಟ್ಟರು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು. ಕಟ್ಟೆಯ ಮೇಲಿದ್ದವರು ಬಂದವರನ್ನು ಕಂಡು ಎದ್ದುನಿಂತು ಒಳಗೆ ಸುದ್ದಿ ಮುಟ್ಟಿಸಬೇಕು. ಅದು ಮಠದ ಶಿಸ್ತು. ದತ್ತೋಪಂತರು ಎದ್ದುನಿಂತು ಗಂಭೀರವಾಗಿ ಕೂಗಿದರು: “ರಾವಸಾಹೇಬ್ರ, ಮಂದಿ ಬಂದ್ರು!”

ಟಾಂಗಾದಿಂದ ಇಳಿಯುತ್ತಿದ್ದ ಪಂಢರಿನಾಥಪಂತರು ಆ ಮಾತಿಗೆ ಯಾಕೋ ಒಮ್ಮೆ ಬೆಚ್ಚಿಬಿದ್ದರು. ಆಮೇಲೆ ಅದು ಮನೆಯ ಯಜಮಾನನಿಗೆ ಹೇಳಿದ್ದೆಂದು ತಿಳಿದು, ಹೆಂಡತಿ ಅಂಬಾಬಾಯಿಯ ಕಡೆಗೆ ಹುಬ್ಬು ಹಾರಿಸಿದರು. ಕೇಳಿದ ಸುದ್ದಿ ಖರೆ ಎಂಬ ಹುಬ್ಬು ಅದು.

ಪಡಸಾಲೆಯ ಜಮಖಾನೆಯ ಮೇಲೆ ಬೀಗರಾಗಲಿರುವವರು ಎದುರುಬದುರು ಕೂತರು. ಅಂಬಾಬಾಯಿ ಇಬ್ಬರನ್ನೂ ನೋಡಿ ಸಂತೋಷಪಟ್ಟರು. “ಅಯ್ಯ, ನೋಡ್ರಿ! ಇಬ್ಬರ ರುಮಾಲೂ ಒಂದ! ಜರೀನೂ ಒಂದ! ದೇವರು ಕೂಡಿಸಿದ್ದು ಅಂದ್ರ ಇದು.” ಯಾಕೋ ಗಂಡಸರಿಬ್ಬರೂ ರುಮಾಲು ತುಸು ಹಿಂದಕ್ಕೆ ಸರಿಸಿಕೊಂಡರು.

“ಹುಡುಗಿ ಸೋದರಮಾವ ಎಲ್ಲೆ?” ಎಂದರು ಅಂಬಾಬಾಯಿ. “ಮಾವ ಇಲ್ಲದ ನಮ್ಮೊಳಗ ಬಾಯಿ ತೆರಿಯೂ ಪದ್ಧತಿ ಇಲ್ಲ.”

ಯಜ್ಞೇಶ್ವರಪಂತರ ಬುದ್ಧಿ ಏನನ್ನೂ ನಿರ್ಧರಿಸಲಿಲ್ಲ. ನಿರ್ಧರಿಸಿದ್ದು ಬಲಗೈಯ ತೋರುಬೆರಳು. ಅದು ತಾನಾಗಿ ಎದ್ದು, ಎಲ್ಲರ ಹಿಂದೆ ಒಳಗೆ ಬಂದು ಬಾಗಿಲ ಬಳಿ ಕೂತಿದ್ದ ದತ್ತೋಪಂತರನ್ನು ತೋರಿಸಿತು. “ಇವರ. ನಮ್ಮ... ಇಕಿ ಅಣ್ಣ.”

ನಡುಮನೆಯ ಬಾಗಿಲಲ್ಲಿ ಲಕ್ಷ್ಮೀಬಾಯಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಆಕೆಯ ಕಣ್ಣು ದತ್ತೋಪಂತರ ಮೇಲಿತ್ತು. ದತ್ತೋಪಂತರು ಆ ಕಣ್ಣನ್ನು ನೋಡಿದರು, ಬೆರಳನ್ನು ನೋಡಿದರು, ತಮ್ಮ ಕೊಡೆಯನ್ನೂ ಒಮ್ಮೆ ನೋಡಿಕೊಂಡರು. ಏನೂ ಹೇಳಲಿಲ್ಲ. ಸುಳ್ಳು ಹೇಳಬಾರದೆಂಬುದು ಅವರ ವ್ರತ. ಸುಳ್ಳು ಹೇಳಿದವರನ್ನು ತಡೆಯುತ್ತೇನೆಂದು ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಸುಹಾಸಿನಿ ಬಂದು ನಮಸ್ಕಾರ ಮಾಡಿದಳು. ಹುಡುಗ ನೋಡಿದ, ನೋಡಿದ್ದು ಗೊತ್ತಾಗಬಾರದೆಂದು ತಲೆ ಎತ್ತಿ ಮಾಡು ನೋಡಿದ. ಅಂಬಾಬಾಯಿಗೆ ಹುಡುಗಿ ಬಂದಾಗಲೇ ಒಪ್ಪಿಗೆಯಾಗಿತ್ತು. ಉಪ್ಪಿಟ್ಟು, ಶಿರಾದ ತಾಟುಗಳು ಬಂದವು. ಎಲ್ಲರೂ ತಿನ್ನತೊಡಗಿದರು. ಯಜ್ಞೇಶ್ವರಪಂತರಿಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಿತೇ ಹೊರತು ರುಚಿ ತಿಳಿಯಲಿಲ್ಲ. ಅಂಜಿಕೆಗೆ ನಾಲಗೆ ಸತ್ತಿದೆ ಎಂದುಕೊಂಡರು.

ಪಂಢರಿನಾಥಪಂತರು ಗಂಟಲು ಸರಿಮಾಡಿಕೊಂಡರು. “ಬಾಯಿಬಿಟ್ಟು ಕೇಳೂ ಮಂದಿ ನಾವಲ್ಲ. ಆದ್ರ ರಾವಸಾಹೇಬ್ರ ಮನಿ ಅಂದಮ್ಯಾಲ ನಿಮ್ಮ ಮರ್ಯಾದಿಗೆ ಕಡಿಮಿ ಆಗಬಾರದಲ್ರಿ. ಒಂದು ಸಾವಿರ ವರದಕ್ಷಿಣಿ ಅಂದ್ರ...”

ಎದುರಿನವರು ಸಾವಿರ ಎಂದಾಗ ಸಾಮಾನ್ಯ ಕಾರಕೂನನಾದರೆ ಎದೆ ಹಿಡಿದುಕೊಳ್ಳಬಹುದಿತ್ತು. ರಾವಸಾಹೇಬನಿಗೆ ಆ ಸೌಕರ್ಯವಿಲ್ಲ.

“ಆಗಲಿ ತಗೋರಿ,” ಎಂದರು ಯಜ್ಞೇಶ್ವರಪಂತರು.

“ಹುಡುಗಗ ಸಾಲಿಗೆ ಹೋಗ್ಲಿಕ್ಕೆ ಒಂದು ಸೈಕಲ್ಲು.”

“ಆಗಲಿ.”

“ಒಂದು ಕೈಗಡಿಯಾರ.”

“ಎರಡು ತಗೋರಿ! ಎರಡು ಕೈ ಅವಲ್ಲ.”

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಾಗಿಲ ಬಳಿ ದತ್ತೋಪಂತರ ಮುಖದ ಮೇಲೆ ಒಂದೊಂದು ‘ಆಗಲಿ’ಗೂ ಮುರುಗೆಪ್ಪನ ತೊಂಬತ್ತೆರಡು ರೂಪಾಯಿ ಒಂದೊಂದು ಹರದಾರಿ ದೂರ ಹೋಗುತ್ತಿರುವುದು ಕಾಣುತ್ತಿತ್ತು. ಕಡೆಗೆ ಅವರ ಮೌನ ಒಡೆಯಿತು.

“ಯಾವಾಗ ಕೊಡ್ತೀರಿ?”

ಯಜ್ಞೇಶ್ವರಪಂತರ ಬಾಯಿ ರೂಢಿಯಂತೆ ತಾನೇ ಉತ್ತರಿಸಿತು. “ಬರೋ ತಿಂಗಳ ಒಂದನೇ ತಾರೀಖಿಗೆ.”

“ಯಾವ ತಿಂಗಳ?”

ದತ್ತೋಪಂತರು ಪಂಢರಿನಾಥಪಂತರ ಕಡೆಗೆ ತಿರುಗಿದರು. “ಇವರ ಪಗಾರ ನಾಲ್ವತ್ತೈದು. ಬಾಡಿಗಿ ಒಂಬತ್ತು. ಹಾಲಿನವಂಗ ಹೋದ ತಿಂಗಳದ್ದ ಕೊಟ್ಟಿಲ್ಲ. ಇವರು ಹೂಂ ಅನ್ನೋದನ್ನ ನಾ ಎಷ್ಟೋ ರವಿವಾರದಿಂದ ಕೇಳ್ಲಿಕ್ಕತ್ತೀನಿ. ಇವರ ಹೂಂ ನಂಬಿ ಹೋದವರು ಟಾಂಗಾದ ರೊಕ್ಕಾ ಕಳಕೊಂಡಾರ.”

ಇಂಥ ಮಾತಿಗೆ ಬೀಗರು ಎದ್ದು ಹೋಗಬೇಕಾಗಿತ್ತು. ಆದರೆ ಅಂಬಾಬಾಯಿ ಕೆನ್ನೆಗೆ ಕೈ ಹಚ್ಚಿದರು. “ಏನ್ ಮನುಷ್ಯಾರಿ ಇವರು! ಸ್ವಂತ ತಂಗಿ ಗಂಡನ ಬಗ್ಗೆ ಹಿಂಗ ಖರೇ ಹೇಳೂ ಮಾವ ಯಾವ ಮನ್ಯಾಗ ಸಿಗ್ತಾನ?” ಹಾಗೆನ್ನುತ್ತಲೇ ಅವರ ಕಣ್ಣು ದತ್ತೋಪಂತರ ಮುಂದಿನ ತಾಟಿನ ಮೇಲೆ ಬಿತ್ತು. ಉಪ್ಪಿಟ್ಟು ಇದ್ದ ಹಾಗೇ ಇತ್ತು. ಆಕೆಯ ಮುಖ ಬಿಳುಪೇರಿತು. “ಮಾವ ಮುಟ್ಟಿಲ್ಲ!”

“ನಾ ಈ ಮನ್ಯಾಗ ಮುಟ್ಟೂದಿಲ್ರಿ,” ಎಂದರು ದತ್ತೋಪಂತರು.

“ಯಾಕ?”

“ಲೆಕ್ಕಾ ಬಗಿಹರಿಯೂ ತನಕಾ ಮುಟ್ಟೂದಿಲ್ಲ.”

ಲೆಕ್ಕವೆಂದರೆ ವರದಕ್ಷಿಣೆಯ ಲೆಕ್ಕ ಎಂಬುದರಲ್ಲಿ ಅಂಬಾಬಾಯಿಗೆ ಸಂಶಯ ಉಳಿಯಲಿಲ್ಲ. ಮದುವೆಯ ಮಾತುಕತೆಯಲ್ಲಿ ಸೋದರಮಾವ ಮುನಿದು ತಾಟು ಸರಿಸಿದರೆ ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ. ಆಕೆ ಗಂಡನ ಕಡೆಗೆ ತಿರುಗಿದರು. “ಕೇಳಿದ್ರೇನು? ಮಾವ ಉಪವಾಸ ಎದ್ದರ ನಾ ಈ ಮನಿ ಅಂಗಳಾ ದಾಟೂದಿಲ್ಲ. ಕಡಿಮಿ ಮಾಡ್ರಿ!”

“ಏಳನೂರು,” ಎಂದರು ಪಂಢರಿನಾಥಪಂತರು.

ದತ್ತೋಪಂತರು ತಾಟು ಮುಟ್ಟಲಿಲ್ಲ.

“ಸೈಕಲ್ಲು ಬ್ಯಾಡ ಬಿಡ್ರಿ. ಐದನೂರು.”

ತಾಟು ಅಲ್ಲಿಯೇ ಇತ್ತು. ದತ್ತೋಪಂತರು ಅದರ ಕಡೆಗೆ ನೋಡಲೂ ಇಲ್ಲ. ಅಂಬಾಬಾಯಿ ಶಿರಾದ ತಾಟನ್ನು ಮುಂದೆ ತಳ್ಳಿದರು. ಅದೂ ಹಿಂದಕ್ಕೆ ಬಂತು. ಕಿಟಕಿಯ ಹೊರಗಿನಿಂದ ತಾರಾಬಾಯಿಯ ದನಿ ಓಣಿಗೆಲ್ಲ ಕೇಳಿಸಿತು: “ಗಡಿಯಾರ ಎರಡೂ ಹೋದ್ವು! ಮುನ್ನೂರಕ್ಕ ಬಂತು!” ಹತ್ತಿಯ ಲಿಲಾವು ನೋಡುವವರಂತೆ ಓಣಿಯವರು ಅಂಗಳದಲ್ಲಿ ನೆರೆದಿದ್ದರು. ಅವರಲ್ಲಿ ಯಾರೋ, “ಇನ್ನೂ ಇಳೀತದ, ತಡೀರಿ,” ಎಂದರು.

ಪಂಢರಿನಾಥಪಂತರ ಹಣೆಯ ಮೇಲೆ ಬೆವರು. “ನೂರಾ ನಾಲ್ವತ್ತು! ಅದಕ್ಕಿಂತ ಕೆಳಗ ನಾ ಇಳಿಯೂದಿಲ್ಲ. ಇಳೀಲಿಕ್ಕೆ ಬರೂದಿಲ್ಲ. ನನಗೂ ಒಂದು ಅಡಚಣಿ ಅದ!”

“ಏನು ಅಡಚಣಿ?” ಎಂದರು ಅಂಬಾಬಾಯಿ. ಗಂಡನ ಬಾಯಿಂದ ಆಕೆ ಈ ಶಬ್ದ ಕೇಳಿದ್ದು ಅದೇ ಮೊದಲು.

ದತ್ತೋಪಂತರು ಆಗ ಮೊದಲ ಬಾರಿಗೆ ಪಂಢರಿನಾಥಪಂತರನ್ನು ಪೂರ್ಣವಾಗಿ ನೋಡಿದರು. ಆ ಬೆವರು ಅವರಿಗೆ ಪರಿಚಯದ್ದು. ಆ ‘ಅಡಚಣಿ’ಯೂ ಪರಿಚಯದ್ದು. ಅವರ ಕಣ್ಣು ನಿಧಾನವಾಗಿ ಮೇಲೇರಿ ಜರಿ ರುಮಾಲಿನ ಮೇಲೆ ನಿಂತಿತು. ನಿಂತೇ ಬಿಟ್ಟಿತು.

ಅದೇ ಹೊತ್ತಿಗೆ ಅಂಗಳದ ಮಂದಿಯನ್ನು ಸರಿಸುತ್ತ, ಬಿಸಿಲಿಗೆ ಏದುಸಿರು ಬಿಡುತ್ತ, ಬೊಜ್ಜಿನ ದೇಹವೊಂದು ಬಾಗಿಲಿಗೆ ಬಂದು ನಿಂತಿತು. ಹತ್ತಿ ವ್ಯಾಪಾರದ ಕೆಲಸಕ್ಕೆ ಧಾರವಾಡಕ್ಕೆ ಬಂದಿದ್ದ ಮುರುಗೆಪ್ಪ, ತನ್ನ ಮನುಷ್ಯನ ವಸೂಲಿ ಎಲ್ಲಿಗೆ ಬಂತೆಂದು ನೋಡಿಕೊಂಡು ಸ್ಟೇಶನ್ನಿಗೆ ಹೋಗೋಣವೆಂದು ಇತ್ತ ಹೊರಳಿದ್ದ. ಒಳಗಿನ ಕತ್ತಲೆಗೆ ಅವನ ಕಣ್ಣು ಇನ್ನೂ ಹೊಂದಿಕೊಂಡಿರಲಿಲ್ಲ. ಅವನು ರೂಢಿಯಂತೆ ಕೈಜೋಡಿಸಿ ಕೂಗಿದ:

“ನಮಸ್ಕಾರ್ರೀ, ರಾವಸಾಹೇಬ್ರ!”

ಜಮಖಾನೆಯ ಮೇಲಿಂದ ಇಬ್ಬರೂ ಒಮ್ಮೆಲೇ ಎದ್ದರು. ಇಬ್ಬರೂ ಒಮ್ಮೆಲೇ ಹಿತ್ತಲ ಬಾಗಿಲಿಗೆ ಓಡಿದರು. ಬಾಗಿಲು ಸಣ್ಣದು, ಎರಡು ರುಮಾಲುಗಳು ಅಲ್ಲಿ ಢಿಕ್ಕಿ ಹೊಡೆದು, ಎರಡೂ ಬಿಚ್ಚಿ, ಒಂದರ ಜರಿ ಇನ್ನೊಂದಕ್ಕೆ ಸಿಕ್ಕಿಕೊಂಡಿತು. ಆ ಸ್ಥಿತಿಯಲ್ಲಿಯೇ ಇಬ್ಬರೂ ಬಾವಿಯ ಕಟ್ಟೆಯವರೆಗೆ ಹೋಗಿ ನಿಂತರು.

“ನೀವ್ಯಾಕ ಓಡಿದ್ರಿ?” ಎಂದರು ಯಜ್ಞೇಶ್ವರಪಂತರು.

“ನೀವ್ಯಾಕ?”

ಇಬ್ಬರೂ ರುಮಾಲಿನ ತೊಡಕನ್ನು ನೋಡಿದರು.

“ಎಷ್ಟು?” ಎಂದು ಪಂಢರಿನಾಥಪಂತರು ಮೆಲ್ಲಗೆ ಕೇಳಿದರು.

“ತೊಂಬತ್ತೆರಡು. ನಿಮ್ಮದು?”

“ನೂರಾ ನಾಲ್ವತ್ತು. ನಾ ಬರೇ ಒಂದು ಟೊಪಿಗಿ ತರ್ಲಿಕ್ಕೆ ಹೋಗಿದ್ದೆ.”

“ಟೊಪಿಗಿ ತಂದ್ರೇನು?”

“ಮರತು ಬಂದೆ.”

ಯಜ್ಞೇಶ್ವರಪಂತರ ಕಣ್ಣಲ್ಲಿ ನೀರು ಬಂತು. ಜಗತ್ತಿನಲ್ಲಿ ತಾನು ಒಬ್ಬನೇ ಅಲ್ಲ ಎಂದು ತಿಳಿದಾಗ ಬರುವ ನೀರು ಅದು. ಅವರು ಬೀಗರನ್ನು ಅಪ್ಪಿಕೊಂಡೇ ಬಿಡುತ್ತಿದ್ದರು. ರುಮಾಲು ಅಷ್ಟು ಬಿಡಲಿಲ್ಲ.

ಅವರು ಒಳಗೆ ಬಂದಾಗ ಪಡಸಾಲೆಯಲ್ಲಿ ಎಲ್ಲವೂ ಬಯಲಾಗಿತ್ತು. ಮುರುಗೆಪ್ಪ ತನ್ನ ವಸೂಲಿಯವನನ್ನು ಉಪ್ಪಿಟ್ಟಿನ ತಾಟಿನ ಮುಂದೆ ಕಂಡು, “ದತ್ತೋಪಂತ್ರ, ನಿಮ್ಮನ್ನ ವಸೂಲಿಗೆ ಕಳಿಸಿದ್ರ ಬೀಗತನಕ್ಕ ಕುಂತೀರಲ್ರಿ!” ಎಂದಿದ್ದ. ಹಿತ್ತಲಿಗೆ ಓಡಿದ ಬೆನ್ನುಗಳಲ್ಲಿ ಎರಡನೆಯದರ ಗುರುತನ್ನೂ ಹಿಡಿದಿದ್ದ. ಅಂಬಾಬಾಯಿ ನಡುವೆ ನಿಂತಿದ್ದರು. ಹಾಗೆ ನಿಂತ ಹೆಂಗಸನ್ನು ಕಂಡು ಪಂಢರಿನಾಥಪಂತರು ತಿರುಗಿ ಬಾವಿಗೆ ಹೋಗುವುದು ಮೇಲೆಂದುಕೊಂಡರು.

“ರುಮಾಲು ರೊಕ್ಕಾ ಎಣಿಸಿಕೊಟ್ಟು ತಂದೀನಿ ಅಂದ್ರಿ!” ಎಂದು ಆಕೆ ಗಂಡನ ಮೇಲೆ ಹರಿಹಾಯ್ದರು. “ನಿಮ್ಮ ತಲೀ ಮ್ಯಾಲಿಂದು ಬಿಡಿಸ್ಕೊಳ್ಳಿಕ್ಕೆ ಇವರ ಮಗಳ ತಲೀಗೆ ಕಟ್ಟವರಿದ್ರಿ?” ಆಮೇಲೆ ಲಕ್ಷ್ಮೀಬಾಯಿಯ ಕಡೆಗೆ ತಿರುಗಿದರು. ದನಿ ಇಳಿಯಿತು, ಇಳಿದದ್ದೇ ಹೆಚ್ಚು ಭಯ ಹುಟ್ಟಿಸಿತು. “ನೀವೂ... ಬಾಕಿ ಕೇಳವರನ್ನ ಅಣ್ಣ ಅಂದು ಕೂಡಿಸಿದ್ರಿ. ಇಂಥಾ ಮನ್ಯಾಗಿಂದ ನಾ ಹ್ಯಾಂಗ ಹೆಣ್ಣು ತರಲಿ?”

ಬಾಗಿಲ ಹಿಂದೆ ಸುಹಾಸಿನಿಯ ಬಳೆಯ ಸದ್ದು ನಿಂತುಹೋಯಿತು. ಅಂಗಳದಲ್ಲಿ ತಾರಾಬಾಯಿ ಕೂಡ ಸುಮ್ಮನಾದಳು. ಆ ಓಣಿಯ ಚರಿತ್ರೆಯಲ್ಲಿ ಅದು ನೆನಪಿಡಬೇಕಾದ ಸಂಗತಿ.

“ನಾ ಇವರ ಅಣ್ಣ ಅಂತ ಅಂದಿಲ್ರಿ,” ಎಂದರು ದತ್ತೋಪಂತರು. ಸ್ವಲ್ಪ ತಡೆದು, “ಅಲ್ಲ ಅಂತನೂ ಅಂದಿಲ್ಲ,” ಎಂದರು. “ಬಾಕೀ ಮಂದಿ ಮನಿ ಬಹಳ ನೋಡೀನ್ರಿ ನಾ. ನಾಯೀ ಬಿಡ್ತಾರ, ಬೈತಾರ, ಮನ್ಯಾಗಿದ್ದೂ ಇಲ್ಲ ಅಂತಾರ. ಈ ಹುಡುಗಿ ಪ್ರತಿ ರವಿವಾರ ಕಟ್ಟೀ ಮ್ಯಾಲ ನನ್ನ ಬಾಜೂ ಒಂದು ತಂಬಿಗಿ ನೀರು ತಂದಿಡತದ. ನಾ ಕುಡಿಯೂದಿಲ್ಲ ಅಂತ ಗೊತ್ತದ. ಆದ್ರೂ ಇಡತದ. ಬಿಸಲು ಸರಿಧಾಂಗ ತಂಬಿಗೀನೂ ನೆರಳಿಗೆ ಸರಸ್ತದ.” ಅವರು ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ, ಅವರಿಗೂ ದಣಿವಾದಂತೆ ಕಂಡಿತು. “ಹೆಣ್ಣು ಎಲ್ಲಿಂದ ತರ್ತೀರೋ ತರ್ರಿ. ಇದಕ್ಕಿಂತ ಛಲೋ ಸಿಗೂದಿಲ್ಲ.”

ಅಂಬಾಬಾಯಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ, ಅದುವರೆಗೆ ಮಾಡನ್ನೇ ಅಭ್ಯಾಸ ಮಾಡುತ್ತಿದ್ದ ಹುಡುಗ ತಲೆ ಇಳಿಸಿ, “ಅವ್ವಾ, ನಾ ಸಾಲಿಗೆ ನಡಕೋತನ ಹೋಗ್ತೀನಿ,” ಎಂದ.

ಅಂಬಾಬಾಯಿ ಮಗನನ್ನು ನೋಡಿದರು. ನಗು ಬಂತು. ಒಮ್ಮೆ ಬಂದ ಮೇಲೆ ಅದು ಆಕೆಯನ್ನು ಬಿಡಲಿಲ್ಲ, ಲಕ್ಷ್ಮೀಬಾಯಿಗೂ ಹತ್ತಿತು. ಅಂಗಳದವರಿಗೆ ಏನೆಂದು ಗೊತ್ತಾಗದಿದ್ದರೂ ಅವರೂ ನಕ್ಕರು.

ಆಮೇಲಿನ ವ್ಯವಹಾರವನ್ನು ಹೆಂಗಸರು ಕೈಗೆ ತೆಗೆದುಕೊಂಡರು. ವರದಕ್ಷಿಣೆ ಇಲ್ಲ. ಮದುವೆಗೆ ಹೊಸ ಅರಿವೆ ಇಲ್ಲ. ಬೀಗರಿಬ್ಬರೂ ಇದೇ ರುಮಾಲು ಸುತ್ತಿ ನಿಲ್ಲಬೇಕು. ಮುರುಗೆಪ್ಪನಿಗೆ ತಿಂಗಳಿಗೆ ಐದೈದು ರೂಪಾಯಿ, ಎರಡೂ ಮನೆಯಿಂದ, ಹೆಂಗಸರ ಕೈಯಿಂದ. ಬೀಗರಿಗೆ ಉಡುಗೊರೆಯೆಂದು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಐದು ರೂಪಾಯಿಯನ್ನು ಲಕ್ಷ್ಮೀಬಾಯಿ ತಂದಾಗ ಅಂಬಾಬಾಯಿ, “ನನಗ ಕಾಯಿ ಸಾಕು. ಇದನ್ನ ಅವರಿಗೆ ಕೊಡ್ರಿ,” ಎಂದರು. ತಮ್ಮ ಪಾಲಿನ ಐದನ್ನು ಗಂಡನ ಕೋಟಿನ ಒಳಗಿಸೆಯಿಂದ ತಾವೇ ತೆಗೆದುಕೊಟ್ಟರು. ಅಲ್ಲಿ ಒಂದು ಒಳಗಿಸೆ ಇರುವುದು ಹೆಂಡತಿಗೆ ಗೊತ್ತಿದೆಯೆಂಬುದು ಪಂಢರಿನಾಥಪಂತರಿಗೆ ಅಂದಿನ ಕೊನೆಯ ಆಘಾತ.

ಮುರುಗೆಪ್ಪ ಹತ್ತು ರೂಪಾಯಿಯನ್ನು ಕಣ್ಣಿಗೊತ್ತಿಕೊಂಡ. “ಇದು ಪಕ್ಕಾ ವಾಯಿದೆ ಆತು ನೋಡ್ರಿ. ಗಂಡಸರ ಜೋಡಿ ವ್ಯವಹಾರ ಮಾಡಿ ಮಾಡಿ ಸಾಕಾಗೇತಿ.” ಆಮೇಲೆ ನಿಟ್ಟುಸಿರುಬಿಟ್ಟು ಕುಳಿತುಕೊಂಡು, “ತಾಯೀ, ಮೊದಲ ಒಂದು ತಂಬಿಗಿ ನೀರು ಕೊಡ್ರಿ. ಹತ್ತೀ ಪ್ಯಾಟಿಯಿಂದ ನಡಕೋಂತ ಬಂದು ಗಂಟಲಾ ಹತ್ತೇತಿ,” ಎಂದ.

ಒಳಗಿನಿಂದ ಸುಹಾಸಿನಿ ಬಂದಳು. ಕೈಯಲ್ಲಿ ತಂಬಿಗೆ ಇರಲಿಲ್ಲ. ಬಿಸಿಮಾಡಿದ ಉಪ್ಪಿಟ್ಟಿನ ತಾಟು ಇತ್ತು. ಅದನ್ನು ದತ್ತೋಪಂತರ ಮುಂದೆ ಇಟ್ಟು, “ಮಾಮಾ, ತಗೋರಿ,” ಎಂದಳು.

ಮುರುಗೆಪ್ಪ ನೀರು ಮರೆತ. “ದತ್ತೋಪಂತ್ರ! ಬಾಕಿ ಇನ್ನೂ ಎಂಬತ್ತೇಳೈತಿ! ಉಪ್ಪು ತಿಂದ್ರ ಕೇಳಾಕ ಬರಂಗಿಲ್ಲ ಅಂತ ನೀವ ಹೇಳ್ತಿದ್ರಿ!”

ದತ್ತೋಪಂತರು ಬಹಳ ಹೊತ್ತು ತಾಟನ್ನು ನೋಡುತ್ತ ಕೂತರು. ಈ ಸಲ ಅವರ ಮೌನ ಯಾರ ಎಲೆಯ ಮುಂದೆಯೂ ಹೋಗಿ ಕೂಡಲಿಲ್ಲ. ಅದು ಅವರ ಹತ್ತಿರವೇ ಉಳಿಯಿತು. ಕೊನೆಗೆ ಅವರು ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಗಿದರು. ಹುಬ್ಬು ಗಂಟಿಕ್ಕಿತು.

“ಇದರಾಗ ಉಪ್ಪ ಇಲ್ಲಲ್ರಿ.”

ಲಕ್ಷ್ಮೀಬಾಯಿ ಹಣೆ ಬಡಿದುಕೊಂಡರು. ಅವಸರದಲ್ಲಿ ಹಾಕುವುದೇ ಮರೆತಿತ್ತು. ಇಡೀ ತಾಟು ತಿಂದು ಮುಗಿಸಿದ್ದ ಪಂಢರಿನಾಥಪಂತರು ಯಜ್ಞೇಶ್ವರಪಂತರನ್ನು ನೋಡಿದರು. ಯಜ್ಞೇಶ್ವರಪಂತರು ತಮ್ಮ ನಾಲಗೆ ಜೀವಂತವಿದೆಯೆಂದು ತಿಳಿದು ಸಮಾಧಾನಪಟ್ಟರು.

ಮುರುಗೆಪ್ಪ ತೊಡೆ ತಟ್ಟಿದ. “ಉಪ್ಪಿಲ್ಲೇನು? ಬಸವಣ್ಣ ಕಾಯ್ದ! ತಿನ್ರಿ, ಹೊಟ್ಟಿ ತುಂಬ ತಿನ್ರಿ! ವಸೂಲಿಗೆ ಏನೂ ಅಡ್ಡಿ ಇಲ್ಲ.”

ಸುಹಾಸಿನಿ ಒಳಗೆ ಹೋಗಿ ಉಪ್ಪಿನ ಬಟ್ಟಲು ಹಿಡಿದು ಬಂದಳು. ಹಾಕಲೋ ಬೇಡವೋ ತಿಳಿಯದೆ ನಿಂತಳು. ದತ್ತೋಪಂತರು ಮುರುಗೆಪ್ಪನನ್ನು ನೋಡಲಿಲ್ಲ. ತಾಟನ್ನು ಅವಳ ಕಡೆಗೆ ಎತ್ತಿ ಹಿಡಿದರು.

“ಹಾಕವ್ವಾ,” ಎಂದರು.

ಬಾಗಿಲ ಬಳಿ ಲಕ್ಷ್ಮೀಬಾಯಿ ಮುರುಗೆಪ್ಪನಿಗೆಂದು ಒಂದು ತಂಬಿಗೆ ತಣ್ಣಗಿನ ಮಜ್ಜಿಗೆ ಹಿಡಿದು ನಿಂತಿದ್ದರು. ಅದಕ್ಕೆ ಮರೆಯದೆ ಉಪ್ಪು ಹಾಕಿದ್ದರು. ಮುರುಗೆಪ್ಪ ಅದನ್ನು ಆಸೆಯಿಂದ ನೋಡಿದ, ಒಣಗಿದ ತುಟಿ ಸವರಿಕೊಂಡ, ಆಮೇಲೆ ಎರಡೂ ಕೈಯಿಂದ ಹಿಂದಕ್ಕೆ ಸರಿಸಿದ.

“ಬ್ಯಾಡ್ರಿ, ತಾಯಿ. ನಾನೂ ಕುಡದ್ರ ಈ ಮನೀಗೆ ಬಾಕಿ ಕೇಳಾಕ ಬರಾವ್ರು ಯಾರು?”